ಒಂದು ಮೊರ ತೌಡು

ಮೊನ್ನೆ ಬೆಳಿಗ್ಗೆ ನೆನೆಹಾಕಿದ ಅವರೆಕಾಳು ಹಿಸುಕುತ್ತ ಕೂತಿದ್ದೆ. ಸೊಸೆ ಬಂದು, ಪಿಂಚಣಿ ಕಚೇರಿಯವರು ನನ್ನ ಹಳೆಯ ಅಂಕಪಟ್ಟಿ ಕೇಳಿದ್ದಾರೆ ಅಂದಳು. ಎಂಬತ್ತು ದಾಟಿದ ಮುದುಕಿ ಕಾಲೇಜು ಪಾಸಾಗಿದ್ದಳೋ ಇಲ್ಲವೋ ಎಂದು ಈಗ ಯಾರಿಗೆ ಅನುಮಾನ ಬಂತೋ, ಹಾಳಾದ್ದು. ಅವಳೇ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ ನನ್ನ ಮುಂದಿಟ್ಟಳು. ಅಂಕಪಟ್ಟಿಯ ಕೆಳಗೆ ನಾಲ್ಕು ಮಡಿಕೆಯ ಇನ್ನೊಂದು ಕಾಗದವಿತ್ತು. ಅದೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಒರೆಸಿಕೊಳ್ಳದೆ ಬಿಡಿಸಿದೆ. ನೋಡನೋಡುತ್ತ ಹೆಬ್ಬೆರಳು ನೇರಳೆಯಾಯಿತು.

ಅದು ಕಾಪಿಂಗ್ ಪೆನ್ಸಿಲ್ಲಿನ ಬಣ್ಣ. ಈಗಿನವರಿಗೆ ಆ ಪೆನ್ಸಿಲ್ ಗೊತ್ತಿರಲಾರದು. ಹಾಗೇ ಬರೆದರೆ ಬೂದು ಗೆರೆ, ನಾಲಿಗೆಗೆ ಮುಟ್ಟಿಸಿ ಬರೆದರೆ ಗಾಢ ನೇರಳೆ. ಯಾವ ರಬ್ಬರಿಗೂ ಜಗ್ಗುವುದಿಲ್ಲ. ಆ ಕಾರಣಕ್ಕೇ ಕಚೇರಿಗಳಲ್ಲಿ ಅದಕ್ಕೆ ಮರ್ಯಾದೆ. ಒಂದು ಬೇಸಿಗೆ ಪೂರ್ತಿ ನನ್ನ ನಾಲಿಗೆ ನೇರಳೆ ಹಣ್ಣು ತಿಂದವಳ ಹಾಗಿತ್ತು. ಆ ಪೆನ್ಸಿಲ್ ನನ್ನ ಕೈಗೆ ಕೊಟ್ಟವರು ನಮ್ಮ ಇನ್ಸ್‌ಪೆಕ್ಟರು. ಅವರ ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಯಾಕೆಂದು ಕೊನೆಗೆ ಹೇಳಲು ನೋಡುತ್ತೇನೆ, ನನಗೇ ಸರಿಯಾಗಿ ತಿಳಿದರೆ...

ನಮ್ಮದು ಶಿಕಾರಿಪುರದಲ್ಲಿ ಮಂಡಕ್ಕಿ ಭಟ್ಟಿ. ಅಪ್ಪ ಭಟ್ಟಿಯ ಮುಂದೆ, ಅಮ್ಮ ಜರಡಿಯ ಮುಂದೆ. ನಾನು ಶಿವಮೊಗ್ಗದ ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದೆ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಬೀದಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನೇ. ಮುಂದಿನ ವರ್ಷದ ಫೀಜಿಗೆ ದಾರಿ ಕಾಣದಿದ್ದರೆ ಮದುವೆ ಮಾಡಿಬಿಡುವುದು ಎಂದು ಮನೆಯಲ್ಲಿ ಮಾತಾಗಿತ್ತು. ಅಷ್ಟರಲ್ಲಿ ಕಾಲೇಜಿನ ಬೋರ್ಡಿನ ಮೇಲೆ ಒಂದು ನೋಟೀಸು ಬಂತು. ಬಡ ಮನೆಯ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯಲ್ಲಿ ಎರಡು ತಿಂಗಳ ಕೆಲಸ, ಅದಕ್ಕೆ ಭತ್ಯೆ, ಮುಗಿದ ಮೇಲೆ ಸರ್ಟಿಫಿಕೇಟು. ಹಳ್ಳಿ ಮನೆಗಳಿಗೆ ಹೋಗಿ ಎಷ್ಟು ಕೂಸು ಹುಟ್ಟಿದವು, ಎಷ್ಟು ತೀರಿಕೊಂಡವು, ಕಾಯಿಲೆ ಬಂದರೆ ಎಲ್ಲಿಗೆ ಓಡುತ್ತಾರೆ ಎಂದು ಕೇಳಿ ಬರೆಯಬೇಕು. ಆ ಲೆಕ್ಕ ನೋಡಿ ಯಾವ ಕಡೆ ನರ್ಸನ್ನು ಹಾಕಬೇಕೆಂದು ಸರ್ಕಾರ ತೀರ್ಮಾನಿಸುತ್ತದಂತೆ. ಹೆಂಗಸರನ್ನು ಹೆಂಗಸರೇ ಕೇಳಬೇಕೆಂದು ನನ್ನನ್ನು ಆರಿಸಿದರು. ನೋಟೀಸಿನಲ್ಲಿ ಸಂಶೋಧನೆ ಎನ್ನುವ ದೊಡ್ಡ ಪದವಿತ್ತು. ಹಾಗೆಂದರೇನು ಎಂದು ಕೇಳಲು ನಾಚಿಕೆಯಾಗಿ ಹ್ಞೂಂ ಅಂದುಬಿಟ್ಟೆ.

ಆನವಟ್ಟಿಯಲ್ಲಿ ಶಾಲೆಯ ಮೇಷ್ಟರ ಮನೆಯಲ್ಲಿ ನನ್ನನ್ನು ಇಳಿಸಿದರು. ಇನ್ಸ್‌ಪೆಕ್ಟರು ಅದೇ ಮನೆಯ ಹೊರಗಿನ ಕೋಣೆಯಲ್ಲಿದ್ದರು. ಐವತ್ತರ ಹತ್ತಿರದ ಒಣಕಲು ಮೈ, ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಬಯಲುಸೀಮೆ ಕಡೆಯವರು. ಅದಕ್ಕೆ ಮೊದಲು ಊರೂರು ತಿರುಗಿ ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಚುಚ್ಚುವ ಕೆಲಸದಲ್ಲಿದ್ದರಂತೆ. ಈ ಸರ್ವೆ ಮುಗಿಯುವವರೆಗೆ ಅವರನ್ನು ನಮಗೆ ಮೇಲ್ವಿಚಾರಕರಾಗಿ ಕೊಟ್ಟಿದ್ದರು. ಅವರ ಹತ್ತಿರ ಒಂದು ಸೈಕಲ್ಲಿತ್ತು. ಪ್ರಾಯದ ಹುಡುಗಿಯನ್ನು ಹಿಂದೆ ಕೂರಿಸಿಕೊಂಡು ಹೋಗುವುದು ಚೆನ್ನಲ್ಲ, ಅವಳನ್ನು ನಡೆಸಿ ತಾವು ಹತ್ತುವುದೂ ಚೆನ್ನಲ್ಲ. ಹೀಗಾಗಿ ಫಾರಂಗಳ ಕಟ್ಟನ್ನು ಕ್ಯಾರಿಯರಿಗೆ ಬಿಗಿದು, ಎರಡು ತಿಂಗಳೂ ಸೈಕಲ್ ತಳ್ಳಿಕೊಂಡೇ ನನ್ನ ಜೊತೆ ನಡೆದರು. ಹಾಗಾದರೆ ಸೈಕಲ್ ಯಾಕೆ ಸಾರ್ ಎಂದು ಒಮ್ಮೆ ಕೇಳಿದ್ದೆ. ಕಾಗದಕ್ಕೆ ಭಾರ ಆಗಬಾರದಲ್ಲ ಅಂದಿದ್ದರು. ತಮಾಷೆಯೋ ನಿಜವೋ ಆ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಕಾಗದದ ವಿಷಯದಲ್ಲಿ ಮಾತ್ರ ಅವರು ಮಹಾ ಕಟ್ಟುನಿಟ್ಟು. ಮೊದಲ ವಾರ ನಾನೊಂದು ಸೊನ್ನೆಯನ್ನು ತಿದ್ದಿ ಆರು ಮಾಡಿದ್ದಕ್ಕೆ ಇಡೀ ಹಾಳೆಯನ್ನು ಮತ್ತೆ ಬರೆಸಿದರು. "ತಂಗೀ, ತಪ್ಪಾದ್ರೆ ಅಡ್ಡಗೆರೆ ಎಳೆದು ಕೆಳಗೆ ಬರಿ. ಮುಚ್ಚಬ್ಯಾಡ," ಅಂದರು. ಪ್ರತಿ ಹಾಳೆಯ ಬುಡದಲ್ಲೂ ಎರಡು ಇನಿಶಿಯಲ್ ಹಾಕುತ್ತಿದ್ದರು, ಅಷ್ಟೇ. ಪೂರ್ತಿ ಹೆಸರು ಬರೆದದ್ದನ್ನು ನಾನು ಕಾಣಲಿಲ್ಲ. ಊರವರಿಗೂ ನನಗೂ ಅವರು ಬರೀ ಇನ್ಸ್‌ಪೆಕ್ಟರು.

ಆನವಟ್ಟಿಯಿಂದ ಎರಡು ಮೈಲಿ ದೂರದ ಒಂದು ಹಳ್ಳಿಯಲ್ಲಿ ನನ್ನ ತಲೆ ಕೆಟ್ಟುಹೋಯಿತು. ಹೆರುವ ವಯಸ್ಸಿನ ಹೆಂಗಸರನ್ನು ಕೇಳಿದರೆ ಒಬ್ಬಳಾದ ಮೇಲೆ ಒಬ್ಬಳು ನನಗೆ ಮಕ್ಕಳಿಲ್ಲ ಅಕ್ಕೋರೇ ಅನ್ನುವುದು, ಸೊಂಟದ ಮೇಲಿನ ಕೂಸು ಅವರ ಎದೆಗೇ ಬಾಯಿ ಹಾಕುತ್ತಿರುವುದು! ಇದು ಯಾರದು ಅಂದರೆ ಎಲ್ಲರೂ ಮೂಲೆಮನೆಯ ಅಜ್ಜಿಯ ಕಡೆ ಕೈ ತೋರಿಸುವವರೇ. ಅಜ್ಜಿಯೂ ಹೌದು ನಂದೇ ಅಂದಳು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕೆಂದು ನಮಗೆ ಕಲಿಸಿದ್ದರು. ನಾನು ಮಂಕು ಬಡಿದವಳಂತೆ ಬರೆದುಕೊಂಡು ಬಂದೆ.

ಸಂಜೆ ಇನ್ಸ್‌ಪೆಕ್ಟರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು.

"ಈ ಅಜ್ಜಿಗೆ ವಯಸ್ಸು ಎಷ್ಟು ಬರೆದೀಯ?"

"ಅರವತ್ತೈದು ಸಾರ್."

"ಗಂಡ?"

"ತೀರಿಕೊಂಡು ಹತ್ತು ವರ್ಷವಂತೆ ಸಾರ್."

"ಕೂಸುಗಳು?"

"ನಾಲ್ಕು ಸಾರ್. ಕಡೇದಕ್ಕೆ ಏಳು ತಿಂಗಳು."

ಹೇಳಿದ ಮೇಲೆ ನನಗೇ ನನ್ನ ಮಾತು ಕೇಳಿಸಿ ಮುಖ ಬಿಸಿಯಾಯಿತು. ಅವರ ಮೀಸೆ ಒಂದು ಸಲ ಅಲುಗಿತು, ಅಷ್ಟೇ. ನಾಳೆಯಿಂದ ಆ ಊರಿಗೆ ಫಾರಂ ಒಯ್ಯಬೇಡ, ಏನೂ ಕೇಳಬೇಡ, ಹೆಂಗಸರ ಜೊತೆ ಸುಮ್ಮನೆ ಕೂತು ಬಾ ಅಂದರು. ಕೇಳುವುದಕ್ಕೆಂದೇ ಭತ್ಯೆ ಕೊಟ್ಟು ಕರೆತಂದು ಈಗ ಕೇಳಬೇಡ ಅನ್ನುತ್ತಾರಲ್ಲ, ಇದರ ತಲೆ ಯಾವುದು ಬುಡ ಯಾವುದು ಎಂದು ಹಾಸಿಗೆಯಲ್ಲಿ ಹೊರಳಾಡಿದೆ.

ಹೋಗಿ ಕೂತೆ. ಒಬ್ಬ ಹೆಂಗಸು ಹುಣಸೆಹಣ್ಣು ಬಿಡಿಸುತ್ತಿದ್ದಳು, ನಾನೂ ಬೀಜ ತೆಗೆಯುತ್ತ ಕೂತೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಏಳು ತಿಂಗಳ ಆ ಗಂಡುಕೂಸು ಅವಳ ಬೆನ್ನ ಹಿಂದೆ ಅಂಬೆಗಾಲಿಡುತ್ತಿತ್ತು. ಮೊದಲ ದಿನ ಅವಳು ಮಾತಾಡಲಿಲ್ಲ. ಎರಡನೆಯ ದಿನ ನಮ್ಮ ಭಟ್ಟಿಯ ವಿಷಯ, ನನ್ನ ಮದುವೆಯ ವಿಷಯ ಕೇಳಿದಳು. ಮೂರನೆಯ ದಿನ, ಕೈಯಲ್ಲಿನ ಹಣ್ಣನ್ನು ನೋಡುತ್ತಲೇ, ತಾನಾಗಿ ಹೇಳಿದಳು. ಮೂರು ಹೆತ್ತು ಮೂರನ್ನೂ ವರ್ಷ ತುಂಬುವ ಮೊದಲೇ ಮಣ್ಣಿಗೆ ಕೊಟ್ಟಿದ್ದಳು. ಇದು ನಾಲ್ಕನೆಯದು. ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಉರುಳಿಸಿ, ಮೂಲೆಮನೆಯ ಅಜ್ಜಿಗೆ ಒಂದು ಮೊರ ತೌಡಿಗೆ ಮಾರಿದ್ದರು. ಅಜ್ಜಿ ಹೆತ್ತದ್ದು ಒಂದೂ ಸತ್ತಿರಲಿಲ್ಲ, ಆದ್ದರಿಂದ ಊರಲ್ಲಿ ಇಂಥ ಕೂಸುಗಳೆಲ್ಲ ಅವಳವೇ. ಸಾಕುವವಳು ತಾಯಿ, ಹೆಸರಿಗೆ ಮಾತ್ರ ಕೂಸು ಅಜ್ಜಿಯದು.

"ಸಾವು ಬಾಗ್ಲಿಗೆ ಬಂದು ಕೇಳಿದ್ರೆ ನಂದಲ್ಲ ಅನ್ಬೋದಲ್ಲ ಅಕ್ಕೋರೇ," ಅಂದಳು.

ಇದು ನನಗೆ ಗೊತ್ತಿಲ್ಲದ್ದೇ? ನಮ್ಮ ಬೀದಿಯಲ್ಲೇ ತಿಪ್ಪ, ಕಲ್ಲ, ಕಾಡ ಎಂದು ಕೂಗಿಸಿಕೊಳ್ಳುವ ಎಷ್ಟು ಮಕ್ಕಳಿದ್ದವು! ಯಾರಿಗೂ ಬೇಡವಾದ ಹೆಸರಿಟ್ಟರೆ ಸಾವಿಗೂ ಬೇಡವಾಗುತ್ತದೆ ಎಂದು ಹಾಗೆ ಕರೆಯುವುದು. ಅಂಥ ಹೆಸರಿನ ಹಿಂದೆ ಹೋದ ಮಕ್ಕಳಿರುತ್ತಾರೆಂದು ತಿಳಿದೇ ಬೆಳೆದವಳು ನಾನು. ಎರಡು ವರ್ಷ ಕಾಲೇಜಿನ ಬೆಂಚಿನ ಮೇಲೆ ಕೂತದ್ದಕ್ಕೆ ಎಲ್ಲ ಮರೆತುಹೋಗಿತ್ತು.

ಆಮೇಲೆ ನಾನು ಮಾಡಿದ್ದು... ಈಗಲೂ ನೆನೆಸಿಕೊಂಡರೆ ಕೆನ್ನೆಗೆ ಹೊಡೆದುಕೊಳ್ಳುವಂತಾಗುತ್ತದೆ. ಇನ್ಸ್‌ಪೆಕ್ಟರು ಬೇಡವೆಂದಿದ್ದರೂ ಚೀಲದಲ್ಲಿ ಅವಳ ಮನೆಯ ಫಾರಂ ಇಟ್ಟುಕೊಂಡಿದ್ದೆ. ಸತ್ತ ಮಕ್ಕಳ ಲೆಕ್ಕ ಸರಿಯಾಗಿ ಹೋದರೆ ಈ ಊರಿಗೆ ನರ್ಸು ಬರುತ್ತಾಳೆಂಬ ಹಿಗ್ಗಿನಲ್ಲಿ, ಅವಳೆದುರೇ ಹಾಳೆ ತೆಗೆದು ಪೆನ್ಸಿಲ್ಲಿಗೆ ನಾಲಿಗೆ ತಾಕಿಸಿ ಬರೆದೆ. ಹೆತ್ತದ್ದು ನಾಲ್ಕು, ತೀರಿಕೊಂಡದ್ದು ಮೂರು, ಇರುವುದು ಒಂದು ಗಂಡು. ತಲೆ ಎತ್ತಿದರೆ ಅವಳ ಕೈ ನಿಂತಿತ್ತು.

"ಬರೆದ್ರಾ? ನನ್ನ ಹೆಸರಿನ ಕೆಳಗಾ?"

ಹೌದೆಂದೆ.

"ಅಳಿಸ್ಬಿಡ್ರೀ ಅಕ್ಕೋರೇ."

ಇದು ಅಳಿಸಲಾಗದ ಪೆನ್ಸಿಲ್ಲು ಎಂದು, ದೊಡ್ಡ ಸಂಗತಿ ಹೇಳುವವಳ ಹಾಗೆ ವಿವರಿಸಿದೆ. ನರ್ಸು ಬರುವ ವಿಷಯವನ್ನೂ ಹೇಳಿದೆ. ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಇನ್ಸ್‌ಪೆಕ್ಟರಿಗೆ ಹಾಳೆ ತೋರಿಸಿದಾಗ ಅವರು ಬೈಯಲಿಲ್ಲ. ಒಯ್ಯಬೇಡ ಅಂದಿದ್ದೆನಲ್ಲ ಎಂದಷ್ಟೇ ಹೇಳಿ ಹಾಳೆಯನ್ನು ಕಟ್ಟಿನಲ್ಲಿ ಸೇರಿಸಿದರು.

ನಾಲ್ಕು ದಿನದ ಮೇಲೆ, ನಡುಮಧ್ಯಾಹ್ನ, ಅವಳು ಬಿಸಿಲಲ್ಲಿ ನಡೆದುಕೊಂಡು ಆನವಟ್ಟಿಗೆ ಬಂದಳು. ಸೊಂಟದ ಮೇಲಿನ ಕೂಸಿಗೆ ಕೆಂಡದಂಥ ಜ್ವರ, ಕಣ್ಣು ಅರ್ಧ ಮುಚ್ಚಿತ್ತು. ನೀವು ಬರೆದದ್ದಕ್ಕೇ ಬಂತು, ಅಳಿಸಿ ಅಂದಳು. ಇನ್ಸ್‌ಪೆಕ್ಟರು ಕೂಸಿನ ಹೊಟ್ಟೆ, ನೆತ್ತಿ ಮುಟ್ಟಿ ನೋಡಿದರು. ಇದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ, ಈಗಲೇ ಸೊರಬದ ಆಸ್ಪತ್ರೆಗೆ ಹೋಗಬೇಕು, ಎರಡು ಗಂಟೆಗೆ ಬಸ್ಸಿದೆ ಅಂದರು. ಅವಳು ಜಗಲಿಯ ಮೇಲೆ ಕೂತೇಬಿಟ್ಟಳು. ತನ್ನ ಹೆಸರಿನ ಕೆಳಗೆ ಇರುವ ತನಕ ಯಾವ ಆಸ್ಪತ್ರೆಗೆ ಒಯ್ದರೂ ಅದು ಬದುಕುವುದಿಲ್ಲ, ಮೂರು ಸಲ ನೋಡಿದ್ದೇನೆ ಅಂದಳು. ಮೇಷ್ಟರ ಹೆಂಡತಿ ಗದರಿದರು. ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಹಾಳೆ ಹರಿದುಹಾಕಿಬಿಡಿ ಸಾರ್ ಎಂದು ಗೋಗರೆದೆ. ಹರಿದರೆ ಅವಳ ಮೂರು ಕೂಸೂ ಹರಿದುಹೋಗುತ್ತವೆ ತಂಗಿ ಅಂದರು. ಗಡಿಯಾರದಲ್ಲಿ ಒಂದೂವರೆ ಆಗಿತ್ತು.

ಇನ್ಸ್‌ಪೆಕ್ಟರು ಮೇಷ್ಟರ ಹೆಂಡತಿಯನ್ನು ಕರೆದು ಒಂದು ಮೊರ ತೌಡು ಬೇಕೆಂದರು. ದನಕ್ಕಿಟ್ಟ ತೌಡು ಬಂತು. ಮೊರವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತರು.

"ಯವ್ವಾ, ಈ ಕೂಸನ್ನ ನನಗೆ ಕೊಡ್ತೀಯಾ?"

ನಾನು ಕಣ್ಣು ಕಣ್ಣು ಬಿಟ್ಟೆ. ಅವಳಿಗೆ ಮಾತ್ರ ಆ ಕ್ಷಣವೇ ಅರ್ಥವಾಯಿತು. ಅವಳು ಅವರನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ನಿಮ್ಮವ್ವಂಗೆ ಮಕ್ಳು ಉಳ್ದಿದ್ವಾ?"

"ನಾನು ಉಳಿದೀನಲ್ಲ," ಅಂದರು ಇನ್ಸ್‌ಪೆಕ್ಟರು.

ಅವಳು ಎದ್ದು ಸೆರಗೊಡ್ಡಿದಳು. ಅವರು ತೌಡು ಸುರಿದು ಕೂಸನ್ನು ತೆಗೆದುಕೊಂಡರು. ಎಡಗೈಯಲ್ಲಿ ಕೂಸನ್ನು ಹಿಡಿದುಕೊಂಡೇ ಹಾಳೆ ಬಿಡಿಸಿ, ಇರುವುದು ಒಂದು ಗಂಡು ಎಂದು ನಾನು ಬರೆದಿದ್ದ ಸಾಲಿಗೆ ಅಡ್ಡಗೆರೆ ಎಳೆದರು. ಕೆಳಗಿನ ಖಾಲಿ ಸಾಲಿನಲ್ಲಿ, ಬೇರೊಂದು ಮನೆ ಎಂಬಂತೆ, ಪೆನ್ಸಿಲ್ ಒದ್ದೆ ಮಾಡಿ ಬರೆದರು. ಮನೆಯ ಯಜಮಾನ ಎನ್ನುವಲ್ಲಿ ತಮ್ಮ ಎರಡು ಇನಿಶಿಯಲ್, ಮುಂದೆ ಗಂಡುಕೂಸು ಒಂದು, ಏಳು ತಿಂಗಳು. ಬರೆದದ್ದನ್ನು ಅವಳಿಗೆ ಓದಿ ಹೇಳಿದರು.

"ಈಗ ಇವ ನನ್ನ ಮಗ. ನನ್ನ ಮಗನ್ನ ನಾನು ಸೊರಬಕ್ಕೆ ಕರ್ಕೊಂಡು ಹೋಗ್ತೀನಿ. ನೀನು ಹಾಲು ಕುಡ್ಸೋಕೆ ಜೊತೀಗೆ ಬಾ."

ಎರಡು ಗಂಟೆಯ ಬಸ್ಸು ಹತ್ತಿ ಹೋದರು. ಸೈಕಲ್ಲು ಜಗಲಿಗೆ ಒರಗಿಕೊಂಡೇ ಇತ್ತು. ಐದನೆಯ ದಿನ ಕೂಸು ಕಣ್ಣರಳಿಸಿಕೊಂಡು ವಾಪಸು ಬಂತು. ನಾನು ತಡೆಯಲಾರದೆ, ನೀವು ಇದನ್ನೆಲ್ಲ ನಂಬುತ್ತೀರಾ ಸಾರ್ ಎಂದು ಕೇಳಿದೆ. ಬಸ್ ಹತ್ತಿದಳಲ್ಲ ಅಂದರು. ಹಾಗಾದರೆ ಬಸ್ ಹತ್ತಿಸಲು ಬಾಯಿಮಾತು ಸಾಕಿತ್ತು, ಅವಳಿಗೆ ಓದಲೂ ಬರುತ್ತಿರಲಿಲ್ಲ. ಒಂದು ಸೊನ್ನೆಗಾಗಿ ಹಾಳೆ ಪೂರ್ತಿ ಬರೆಸಿದ ಮನುಷ್ಯ ಸರ್ಕಾರದ ಕಾಗದದಲ್ಲಿ ಯಾಕೆ ಬರೆದರು, ಕೂಸು ಗುಣವಾದ ಮೇಲಾದರೂ ಯಾಕೆ ಸರಿಮಾಡಲಿಲ್ಲ? ಇದನ್ನೂ ಕೇಳಿದೆ. ಅವರು ಸೈಕಲ್ಲಿನ ಚಕ್ರದ ಗಾಳಿ ಒತ್ತಿ ನೋಡತೊಡಗಿದರು.

ಕೆಲಸ ಮುಗಿದು ನಾನು ಮನೆಗೆ ಬಂದ ಮೇಲೆ, ಜೂನ್ ತಿಂಗಳ ಒಂದು ಸೋಮವಾರ, ಶಿಕಾರಿಪುರದಲ್ಲಿ ಬಾಡಿಗೆ ಮನೆಯಲ್ಲಿದ್ದ ಸರ್ವೆ ಕಚೇರಿಗೆ ಬರಬೇಕೆಂದು ಹೇಳಿಕಳಿಸಿದರು. ಮೇಲಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಮೇಜಿನ ಮೇಲೆ ಅದೇ ಹಾಳೆ. ಆ ಊರಿನವನೇ ಅಲ್ಲದ, ಮದುವೆಯೇ ಆಗದ ಸರ್ಕಾರಿ ನೌಕರನಿಗೆ ಅಲ್ಲಿ ಏಳು ತಿಂಗಳ ಮಗ ಹೇಗೆ ಬಂದ ಎಂದು ಕೇಳಿದರು. ಪಕ್ಕದಲ್ಲಿದ್ದ ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಮೊದಲ ಸಾಲು ಬರೆದದ್ದು ಯಾರು? ನಾನು ಸಾರ್. ಗೆರೆ ಎಳೆದು ಕೆಳಗೆ ಬರೆದದ್ದು? ಇನ್ಸ್‌ಪೆಕ್ಟರು ಸಾರ್. ಅವರೇ ಬರೆದದ್ದನ್ನು ನೀನು ಕಣ್ಣಾರೆ ಕಂಡೆಯಾ? ಕಂಡೆ ಸಾರ್.

ಎಲ್ಲ ನಿಜವೇ. ಒಂದು ಅಕ್ಷರ ಸುಳ್ಳಿಲ್ಲ. ತಿಪ್ಪೆ, ತೌಡು, ಅಜ್ಜಿ, ಎರಡು ಗಂಟೆಯ ಬಸ್ಸು... ಹೇಳಲು ಎರಡು ನಿಮಿಷ ಸಾಕಿತ್ತು. ಹೇಳಲಿಲ್ಲ. ಆ ಗುಮಾಸ್ತನ ನಗು ನನ್ನ ಕಡೆ ತಿರುಗಬಹುದು, ಭಟ್ಟಿಯವರ ಹುಡುಗಿ ಎಷ್ಟು ಓದಿದರೂ ಇಷ್ಟೇ ಅನ್ನಬಹುದು ಎಂದು ನಾಚಿಕೆಯಾಯಿತು. ಉಳಿದ ಭತ್ಯೆ, ಸರ್ಟಿಫಿಕೇಟು, ಮುಂದಿನ ವರ್ಷದ ಫೀಜು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಹೆದರಿಕೆ ಹೆಚ್ಚಿತ್ತೋ ನಾಚಿಕೆ ಹೆಚ್ಚಿತ್ತೋ ಇವತ್ತಿಗೂ ಬಿಡಿಸಿ ಹೇಳಲಾರೆ. ಅಧಿಕಾರಿ ನನ್ನ ಹೇಳಿಕೆ ಬರೆದುಕೊಂಡರು, ನಾನು ರುಜು ಹಾಕಿದೆ.

ಹೊರಗೆ ಬಂದರೆ ಇನ್ಸ್‌ಪೆಕ್ಟರು ಬೆಂಚಿನ ಮೇಲೆ ಕೂತಿದ್ದರು, ಒಳಗಿನಿಂದ ಕರೆಯುವುದನ್ನು ಕಾಯುತ್ತ.

"ಊಟ ಆಯ್ತಾ ತಂಗಿ?" ಅಂದರು.

ಆಯ್ತು ಸಾರ್ ಅಂದೆ. ಆಗಿರಲಿಲ್ಲ. ಒಳಗಿನ ಮಾತು ಬೆಂಚಿನವರೆಗೆ ಕೇಳಿಸುತ್ತಿತ್ತೇ ಎಂದು ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅವರನ್ನು ನಾನು ಕಂಡದ್ದು ಅದೇ ಕೊನೆ.

ಗುರುವಾರ ಮತ್ತೆ ಹೋದಾಗ ಗುಮಾಸ್ತ ಭತ್ಯೆಯನ್ನೂ ಒಂದು ಲಕೋಟೆಯನ್ನೂ ಕೊಟ್ಟ. ಇನ್ಸ್‌ಪೆಕ್ಟರನ್ನು ಸರ್ವೆಯಿಂದ ತೆಗೆದು, ಯಾವುದೋ ದೂರದ ತಾಲ್ಲೂಕಿಗೆ ಹಳೆಯ ಚುಚ್ಚುವ ಕೆಲಸಕ್ಕೇ ಹಾಕಿದ್ದಾರೆ ಅಂದ. ಅಲ್ಲೇ ನಿಂತು ಲಕೋಟೆ ಬಿಡಿಸಿದೆ. ಈ ವಿದ್ಯಾರ್ಥಿನಿ ಪ್ರಾಮಾಣಿಕಳೆಂದೂ ಕೆಲಸದಲ್ಲಿ ಶ್ರದ್ಧೆಯುಳ್ಳವಳೆಂದೂ ನೇರಳೆ ಅಕ್ಷರದಲ್ಲಿ ಅವರೇ ಬರೆದಿದ್ದರು. ಕೆಳಗೆ, ಎರಡು ಇನಿಶಿಯಲ್ಲಿನ ಜಾಗದಲ್ಲಿ, ಆ ಎರಡು ತಿಂಗಳು ನಾನೆಲ್ಲೂ ಕಾಣದ ಅವರ ಪೂರ್ತಿ ಹೆಸರು. ನಮ್ಮ ಬೀದಿಯ ಮಕ್ಕಳದ್ದೇ ಹೆಸರು. ಯಾರಿಗೂ ಬೇಡವಾಗಲಿ ಎಂದು, ಮೂರೋ ನಾಲ್ಕೋ ಹೋದ ಮೇಲೆ ಹುಟ್ಟಿದ್ದಕ್ಕೆ ಇಡುವ ಹೆಸರು. ನಾನು ಉಳಿದೀನಲ್ಲ ಅಂದದ್ದು ಆಗ ಕಿವಿಯಲ್ಲಿ ಮತ್ತೆ ಕೇಳಿಸಿತು.

ಹೆಸರಿನ ಕೆಳಗೆ ತಾರೀಖಿರುವುದನ್ನು ಕಂಡೆ, ಓದಲಿಲ್ಲ. ಬೇಕೆಂದೇ ಮಡಚಿಬಿಟ್ಟೆ. ಆ ಸೋಮವಾರಕ್ಕಿಂತ ಮೊದಲ ತಾರೀಖಾದರೆ ಅವರು ಏನೂ ತಿಳಿಯದೆ ಬರೆದದ್ದು. ಆಮೇಲಿನದಾದರೆ ಎಲ್ಲ ತಿಳಿದೂ ನನ್ನನ್ನು ಪ್ರಾಮಾಣಿಕಳು ಎಂದು ಬರೆದದ್ದು. ಯಾವುದು ಹೆಚ್ಚು ನೋಯಿಸುತ್ತದೆಂದು ಗೊತ್ತಾಗದೆ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಆ ಭತ್ಯೆಯಲ್ಲೇ ಓದು ಮುಂದುವರಿಸಿ ನಾನು ಮೇಷ್ಟರಮ್ಮ ಆದದ್ದು. ಕೆಲಸಕ್ಕೆ ಸೇರುವಾಗ ಬರೀ ಅಂಕಪಟ್ಟಿ ಕೇಳಿದರು, ಆ ಕಾಗದ ತೆಗೆಯುವ ಪ್ರಮೇಯ ಬರಲಿಲ್ಲ. ಬಂದಿದ್ದರೂ ತೆಗೆಯುತ್ತಿರಲಿಲ್ಲ.

ಹತ್ತು ವರ್ಷವಾದ ಮೇಲೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಅಕ್ಕೋರೇ ಎಂದು ಕೂಗಿದಳು. ಅವಳೇ. ಪಕ್ಕದಲ್ಲಿ ಎತ್ತರಕ್ಕೆ ಬೆಳೆದ ಹುಡುಗ. ತಮ್ಮ ಪಕ್ಕದ ಊರಿಗೆ ನರ್ಸು ಬಂದಿದ್ದಾಳೆ, ಆಮೇಲೆ ಹೆತ್ತ ಹೆಣ್ಣೂ ಉಳಿದಿದೆ ಅಂದಳು. ಇವನು ಆ ಕೂಸೇ ಅಲ್ಲವೇ ಎಂದು ಕೇಳಿದೆ. ಅವಳು ಅತ್ತಿತ್ತ ನೋಡಿ, ನಗದೆ ಹೇಳಿದಳು.

"ಇವ ನಿಮ್ಮ ಇನ್ಸ್‌ಪೆಕ್ಟ್ರ ಮಗ. ಅವ್ರು ಚೆನ್ನಾಗಿದಾರಾ?"

ಚೆನ್ನಾಗಿದ್ದಾರೆ ಅಂದುಬಿಟ್ಟೆ. ಆ ಹೊತ್ತಿಗಾಗಲೇ ಅವರು ತೀರಿಕೊಂಡು ಎರಡು ವರ್ಷವಾಗಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೇ ಗುಮಾಸ್ತನ ಬಾಯಿಂದ. ಎಲ್ಲಿ, ಹೇಗೆ, ಪಕ್ಕದಲ್ಲಿ ಯಾರಿದ್ದರು, ಅವನಿಗೂ ಗೊತ್ತಿರಲಿಲ್ಲ...

ಮೊನ್ನೆ ಬಿಡಿಸಿದ್ದು ಆ ಕಾಗದ. ಇನ್ನು ಎಷ್ಟು ದಿನ ಹೆದರುವುದು, ನೋಡಿಯೇಬಿಡೋಣ ಅನ್ನಿಸಿತು. ಹೆಸರು ನಿನ್ನೆ ಬರೆದಂತೆ ಇದೆ. ಕೆಳಗೆ ಜೂನ್ ಎನ್ನುವುದು ಕಾಣುತ್ತದೆ. ಅದರ ಹಿಂದಿನ ಅಂಕಿ ಇದ್ದಲ್ಲಿ ನನ್ನ ಒದ್ದೆ ಹೆಬ್ಬೆರಳಿತ್ತು. ಎತ್ತಿದರೆ ಬರೀ ನೇರಳೆ ಕಲೆ. ಬಿಸಿಲಿಗೆ ಹಿಡಿದೆ, ಭೂತಗನ್ನಡಿ ತರಿಸಿ ನೋಡಿದೆ. ಒಂದು ಅಂಕಿಯೋ ಎರಡೋ ಅದೂ ತಿಳಿಯಲಿಲ್ಲ. ಅರವತ್ತು ವರ್ಷ ಓದದೆ ಇಟ್ಟದ್ದನ್ನು ಅವರೆಕಾಳಿನ ನೀರಲ್ಲಿ ಒರೆಸಿಬಿಟ್ಟೆ. ಏನತ್ತೆ ಅದು ಎಂದು ಸೊಸೆ ಕೇಳಿದಳು. ಏನಿಲ್ಲ ಅಂದೆ.

ಅವರ ಹೆಸರು ಯಾಕೆ ಬರೆಯುವುದಿಲ್ಲ ಎಂದು ಹೇಳುವೆನೆಂದಿದ್ದೆ. ಕಾಗದದ ಮೇಲೆ ತೋರಿಸಿಕೊಟ್ಟರೆ ಕೇಡು ದಾರಿ ಹುಡುಕಿಕೊಂಡು ಬರುತ್ತದೆಂದು ಆ ತಾಯಿ ಹೆದರಿದ್ದಳು. ನಾನು ಓದಿದವಳು, ಅದನ್ನು ನಂಬುವವಳಲ್ಲ. ಆದರೂ ಅವರನ್ನು ಒಮ್ಮೆ ಕಾಗದದ ಮೇಲೆ ತೋರಿಸಿಕೊಟ್ಟು ಕೆಳಗೆ ರುಜು ಹಾಕಿದವಳು ನಾನೇ. ಇನ್ನೊಮ್ಮೆ ಬರೆಯಲು ಕೈ ಬರುತ್ತಿಲ್ಲ.